ಟಾಗಲ್ ಮೇಲಿನ 42 ಇಸವಿಯಲ್ಲ

ಟೆಕ್ಸಸ್‌ನಲ್ಲಿರುವ ನಿಮ್ಮ ಮಾವನ ಕೈಗೆ ಬಂದ ಲೂಗರ್ ಪಿ08ರ (ಹಳೇ ಜರ್ಮನ್ ಸೇನಾ ಪಿಸ್ತೂಲು) ಟಾಗಲ್ ಮೇಲೆ, ಅಂದರೆ ಮೇಲ್ಭಾಗದ ಮಡಚುವ ಕೀಲಿನ ಮೇಲೆ, 42 ಅಂತಲೂ, ಗುಂಡು ಕೂರುವ ಚೇಂಬರ್ ಮೇಲೆ 1939 ಅಂತಲೂ ಇದೆ. ಎರಡು ಪಿಸ್ತೂಲುಗಳ ಭಾಗ ಜೋಡಿಸಿದ್ದಾರಾ ಅಂತ ಕೇಳಿದ್ದೀರಿ.

ಇಷ್ಟರಿಂದಲೇ ಹಾಗೆ ಅನುಮಾನ ಪಡಬೇಕಾಗಿಲ್ಲ. ಟಾಗಲ್ ಮೇಲಿನ 42 ಕಾರ್ಖಾನೆಯ ಗುಪ್ತಸಂಕೇತ: ನೆಕ್ಕರ್ ನದಿ ದಂಡೆಯ ಓಬರ್ನ್‌ಡಾರ್ಫ್‌ನ ಮೌಸರ್. ಇಸವಿ ಚೇಂಬರ್ ಮೇಲಿನದ್ದು. ಮೊದಲು ಇದೇ ಕಾರ್ಖಾನೆ ಎಸ್/42 ಅಂತ ಹಾಕುತ್ತಿತ್ತು. ಆಗ ಚೇಂಬರ್ ಮೇಲೆ ಇಸವಿಯ ಬದಲು 1934ಕ್ಕೆ ಕೆ, 1935ಕ್ಕೆ ಜಿ ಅಕ್ಷರ. 42ರ ಆಮೇಲೆ ಬಂದ ಸಂಕೇತ ಬಿವೈಎಫ್, ಅದರ ಜೊತೆ ಚೇಂಬರ್ ಮೇಲೆ ಎರಡೇ ಅಂಕಿ, 41 ಅಥವಾ 42. ಎಲ್ಲರೂ ಎಡವುವುದು ಇಲ್ಲೇ: ಅದೇ 42 ಟಾಗಲ್ ಮೇಲಿದ್ದರೆ ಕಾರ್ಖಾನೆ, ಚೇಂಬರ್ ಮೇಲಿದ್ದರೆ ಇಸವಿ.

ಮುಟ್ಟುವ ಮೊದಲು ಮ್ಯಾಗಜೀನ್ ತೆಗೆದು, ಟಾಗಲ್ ಎಳೆದು, ಚೇಂಬರ್ ಖಾಲಿ ಇದೆಯಾ ಕಣ್ಣಾರೆ ನೋಡಲಿ. ಗುಂಡು ಇದ್ದರೆ ಮೇಲೇಳುವ ಎಕ್ಸ್‌ಟ್ರ್ಯಾಕ್ಟರ್‌ನ (ಗುಂಡಿನ ಕೋಶವನ್ನು ಹೊರಗೆಳೆಯುವ ಕೊಕ್ಕೆ) ಎಡಬದಿಯಲ್ಲಿ 'ಗೆಲಾಡೆನ್' (ಜರ್ಮನ್‌ನಲ್ಲಿ 'ಗುಂಡು ತುಂಬಿದೆ') ಅನ್ನುವ ಪದ ಕಾಣುತ್ತದೆ. ಆದರೆ ಅದನ್ನೇ ನಂಬಿ ಕೂರಬೇಡಿ.

ಆಮೇಲೆ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು ರಿಸೀವರ್‌ನ (ಬ್ಯಾರೆಲ್ ಕೂರಿಸಿರುವ ಮೇಲಿನ ಭಾಗ) ಬಲಬದಿ ನೋಡಿ. ಅಲ್ಲಿ ಪುಟ್ಟ ಹದ್ದುಗಳಿರುತ್ತವೆ. ಹದ್ದಿನ ಕೆಳಗೆ 63, 655 ಅಥವಾ 135 ಇದ್ದರೆ ಅದು ಮೌಸರ್‌ನಲ್ಲಿ ಕೂತಿದ್ದ ಸೇನಾ ತಪಾಸಣೆಯ ಮುದ್ರೆ. 359 ಕಂಡರೆ ಅನುಮಾನ ಪಡಿ, ಅದು ವಾಲ್ಟರ್ ಅನ್ನುವ ಬೇರೆ ಕಂಪನಿಯದು. ಕಿರೀಟದ ಕೆಳಗೆ ಎನ್ ಇದ್ದರೆ ಸೇನೆಯದಲ್ಲ, ನಾಗರಿಕ ಮಾರಾಟದ ಪರೀಕ್ಷಾ ಮುದ್ರೆ. ರಿಸೀವರ್‌ನ ಎಡಬದಿಯಲ್ಲಿ ಎಕ್ಸ್ ಗುರುತು ಕಂಡರೆ ರಷ್ಯನ್ನರು ವಶಪಡಿಸಿಕೊಂಡು ರಿಪೇರಿ ಮಾಡಿದ್ದು. ಅಂಥದರಲ್ಲಿ ಭಾಗಗಳು ಅದಲುಬದಲಾಗಿರುವುದು ಮಾಮೂಲು.

ಭಾಗ ಜೋಡಿಸಿದ್ದಾರಾ ಅನ್ನುವುದಕ್ಕೆ ಉತ್ತರ ಸೀರಿಯಲ್ ನಂಬರಿನಲ್ಲಿದೆ. ಫ್ರೇಮಿನ (ಹಿಡಿ ಇರುವ ಕೆಳಗಿನ ಭಾಗ) ಮುಂಭಾಗ, ರಿಸೀವರ್‌ನ ಎಡಬದಿ, ಬ್ಯಾರೆಲ್‌ನ ಅಡಿಭಾಗ, ಮೂರೂ ಕಡೆ ಅಂಕಿ ಒಂದೇ ಇರಬೇಕು. ಫ್ರೇಮು, ಬ್ಯಾರೆಲ್‌ಗಳಲ್ಲಿ ಅಂಕಿಯ ಕೆಳಗಿನ ಓಡುಬರಹದ ಅಕ್ಷರವನ್ನೂ ಬರೆದುಕೊಳ್ಳಿ. ಎಣಿಕೆ 10,000 ಮುಟ್ಟಿದಾಗ ಅಕ್ಷರ ಬದಲಾಗುತ್ತಿತ್ತು. ಅಕ್ಷರ ಬಿಟ್ಟರೆ ಅದೇ ನಂಬರಿನ ಇನ್ನೊಂದು ಪಿಸ್ತೂಲು ಅದೇ ವರ್ಷದ್ದೇ ಸಿಕ್ಕೀತು. ಟ್ರಿಗರ್, ಸೈಡ್ ಪ್ಲೇಟ್, ಸೇಫ್ಟಿಯಂಥ ಸಣ್ಣ ಭಾಗಗಳ ಮೇಲೆ ಕೊನೆಯ ಎರಡಂಕಿ ಇರುತ್ತದೆ. ಬ್ಯಾರೆಲ್ ಅಡಿಯ 8,82ರಂಥ ಅಂಕಿ ನೋಡಿ ಗಾಬರಿಯಾಗಬೇಡಿ, ಅದು ಬ್ಯಾರೆಲ್ ಕೊಳವೆಯ ಒಳವ್ಯಾಸ, ಮಿಲಿಮೀಟರಿನಲ್ಲಿ (8.82).

ನಂಬರು ಕೂಡಿಬಂದ ಮಾತ್ರಕ್ಕೆ ನಾನಾದರೆ ನಂಬುವುದಿಲ್ಲ. ಹೊಸದಾಗಿ ಕೆತ್ತಿ ಹೊಂದಿಸಿ ಮಾರುವವರಿದ್ದಾರೆ. ಒಂದೇ ಅಂಕಿಯನ್ನು, ಉದಾಹರಣೆಗೆ 4ನ್ನು, ಎರಡು ಭಾಗಗಳಲ್ಲಿ ಪಕ್ಕಪಕ್ಕ ಹೋಲಿಸಿ. ಅಕ್ಷರಶೈಲಿ ಬೇರೆಯಿದ್ದರೆ ಸುಳ್ಳು ಅಲ್ಲೇ ಸಿಕ್ಕಿಬೀಳುತ್ತದೆ. ಮುದ್ರೆಯ ಅಂಚು ಒಂದು ಬದಿಗೆ ಸವೆದಿದ್ದರೆ ಪಾಲಿಶ್ ಮಾಡಿ ಮತ್ತೆ ಬಣ್ಣ ಕಟ್ಟಿಸಿದ್ದಾರೆ ಅನ್ನಿ. ಅದಕ್ಕೇ ಗುರುತು ಕಾಣಲಿ ಅಂತ ಸ್ಟೀಲ್ ವೂಲ್‌ನಿಂದ (ಉಕ್ಕಿನ ನಾರು) ಉಜ್ಜಬೇಡಿ, ಬ್ರಾಸೋದಂಥ ಲೋಹದ ಪಾಲಿಶ್ ಹಚ್ಚಬೇಡಿ. ಎರಡು ಹನಿ ಎಣ್ಣೆ, ಹಳೇ ಹತ್ತಿಬಟ್ಟೆ ಸಾಕು.

ಮ್ಯಾಗಜೀನ್ ತಳದ ನಂಬರನ್ನೂ ನೋಡಿ. ಪಿಸ್ತೂಲಿನದೇ ನಂಬರಿದ್ದು ಜೊತೆಗೆ + ಗುರುತು ಇದ್ದರೆ ಅದು ಆಗ ಕೊಡುತ್ತಿದ್ದ ಎರಡನೇ ಮ್ಯಾಗಜೀನ್.