ಕೊನೆಯ ಹಾಡಿನಲ್ಲಿ ಮಾತ್ರ ಸಕಾರ ಸೀಳುವುದೇಕೆ?

ಪ್ರಶ್ನೆ: ನಮ್ಮಲ್ಲಿ ಹಳೆಯ ಚಿತ್ರಗೀತೆಗಳ ಎಲ್‌ಪಿ ರೆಕಾರ್ಡುಗಳಿವೆ. ಹೊಸ ಟರ್ನ್‌ಟೇಬಲ್‌ನಲ್ಲಿ ಮೊದಲ ಹಾಡುಗಳು ಚೆನ್ನಾಗಿ ಕೇಳಿಸಿದರೂ ಲೇಬಲ್‌ಗೆ ಹತ್ತಿರದ ಹಾಡಿನಲ್ಲಿ ‘ಸ’, ‘ಶ’ ಅಕ್ಷರಗಳು ಸೀಳಿದಂತಾಗುತ್ತವೆ. ಮಳೆಗಾಲದ ಬೂಷ್ಟು ಕಾರಣವೇ? ಮುಳ್ಳಿರುವ ಕಾರ್ಟ್ರಿಜ್ ಬದಲಿಸಬೇಕೇ?
— ಓದುಗರೊಬ್ಬರು, ಬದಿಯಡ್ಕ, ಕಾಸರಗೋಡು ಜಿಲ್ಲೆ

ಉತ್ತರ: ಬೂಷ್ಟಿನಿಂದ ಬರುವುದು ಚಿಟಚಿಟ ಸದ್ದು, ಅದು ಲೇಬಲ್‌ನ ಹತ್ತಿರವೇ ಬರಬೇಕೆಂದಿಲ್ಲ. ಕಾರ್ಟ್ರಿಜ್ ಕೊಳ್ಳುವ ಮೊದಲು ಈಗಿರುವುದನ್ನು ಸರಿಯಾದ ಕೋನದಲ್ಲಿ ಕೂರಿಸಲಾಗಿದೆಯೇ ಎಂದು ನೋಡಿರಿ. ರೆಕಾರ್ಡು ನಿಮಿಷಕ್ಕೆ 33⅓ ಸುತ್ತು ತಿರುಗುವಾಗ ಹೊರಅಂಚಿನಲ್ಲಿ ಸೆಕೆಂಡಿಗೆ ಸುಮಾರು 51 ಸೆಂ.ಮೀ. ಉದ್ದದ ಸಾಲು (ಧ್ವನಿ ಕೊರೆದ ಗೀರು) ಮುಳ್ಳಿನ ಕೆಳಗೆ ಹಾದುಹೋದರೆ, ಲೇಬಲ್‌ನ ಬಳಿ ಹಾದುಹೋಗುವುದು ಸುಮಾರು 21 ಸೆಂ.ಮೀ. ಮಾತ್ರ, ಅಷ್ಟೇ ಧ್ವನಿ ಅಲ್ಲಿ ಇಕ್ಕಟ್ಟಾಗಿ ಕೊರೆದಿರುವುದರಿಂದ ಹೊರಗೆ ಕಿವಿಗೆ ಬೀಳದ ಕೋನದೋಷ ಒಳಗೆ ಎದ್ದು ಕೇಳಿಸುತ್ತದೆ.

ಕಾರ್ಟ್ರಿಜ್ ಹೊತ್ತು ಒಂದು ತುದಿಯಲ್ಲಿ ತಿರುಗುವ ತೋಳಾದ ಟೋನ್‌ಆರ್ಮ್‌ನಲ್ಲಿ ಮುಳ್ಳು ಹೆಚ್ಚೆಂದರೆ ಎರಡು ಕಡೆ ಮಾತ್ರ ಸಾಲಿಗೆ ಪೂರ್ತಿ ನೇರವಾಗಿರಬಲ್ಲದು. ಆ ಎರಡು ಬಿಂದುಗಳನ್ನು ಆರಿಸುವ ಕ್ರಮಗಳಲ್ಲಿ ಒಂದಾದ ಬೇರ್ವಾಲ್ಡ್ ಕ್ರಮದಲ್ಲಿ ಅವು ಕೇಂದ್ರದಿಂದ 66 ಮತ್ತು 120.9 ಮಿ.ಮೀ. ದೂರದಲ್ಲಿ, ಸ್ಟೀವನ್‌ಸನ್ ಕ್ರಮದಲ್ಲಿ 60.3 ಮತ್ತು 117.4 ಮಿ.ಮೀ. ದೂರದಲ್ಲಿ ಬರುತ್ತವೆ. ಎರಡನೆಯದು ಲೇಬಲ್‌ನ ಅಂಚಿಗೆ ಅನುಕೂಲ, ಆದರೆ ಉಳಿದ ಭಾಗದಲ್ಲಿ ದೋಷ ತುಸು ಹೆಚ್ಚು. ಹಾಗಾಗಿ ಬೇರ್ವಾಲ್ಡ್‌ನಿಂದ ಆರಂಭಿಸುವುದು ಲೇಸೆಂದು ನನ್ನ ಅಭಿಪ್ರಾಯ.

ಜೆರಾಕ್ಸ್ ಅಂಗಡಿಯಲ್ಲಿ ಈ ಎರಡು ಬಿಂದುಗಳನ್ನೂ ಗೆರೆಗಳನ್ನೂ ಗುರುತಿಸಿದ ಹಾಳೆಯಾದ ಪ್ರೊಟ್ರಾಕ್ಟರ್ ಮುದ್ರಿಸಿಕೊಂಡರೆ ಮೊದಲು ಅಡಿಪಟ್ಟಿ ಹಿಡಿದು ಅಳೆಯಿರಿ, ಏಕೆಂದರೆ ಹಾಳೆಗೆ ಹೊಂದಿಸುವಾಗ ಮುದ್ರಣಯಂತ್ರ ಚಿತ್ರವನ್ನು ಕುಗ್ಗಿಸಿರುವುದುಂಟು. ಆ ಹಾಳೆಯನ್ನು ತಟ್ಟೆಯ ಮೇಲಿಟ್ಟು, ತಟ್ಟೆ ತಿರುಗದಂತೆ ನಿಲ್ಲಿಸಿ, ತೋಳಿನ ತುದಿಯಲ್ಲಿ ಕಾರ್ಟ್ರಿಜ್ ಕೂರುವ ಹೆಡ್‌ಶೆಲ್‌ನ ಎರಡು ಸ್ಕ್ರೂಗಳನ್ನು ಕೊಂಚವೇ ಸಡಿಲಿಸಿ, ಮುಳ್ಳಿನ ತುದಿಯನ್ನು ಒಳಬಿಂದುವಿನ ಮೇಲಿಟ್ಟು, ಮುಳ್ಳನ್ನು ಹೊತ್ತ ಸಣ್ಣ ಕಡ್ಡಿಯನ್ನು (ಕಾರ್ಟ್ರಿಜ್‌ನ ಪೆಟ್ಟಿಗೆಯ ಅಂಚನ್ನಲ್ಲ) ಗೆರೆಗಳಿಗೆ ಸಮಾಂತರವಾಗಿಸಬೇಕು. ಬಳಿಕ ಹೊರಬಿಂದುವಿನಲ್ಲಿ ನೋಡಿದರೆ ಅಲ್ಲಿ ವಾಲಿರುತ್ತದೆ. ಅದನ್ನು ತಿದ್ದಿದರೆ ಒಳಗಿನದು ಕದಲುತ್ತದೆ. ಎರಡೂ ಒಟ್ಟಿಗೆ ಕೂಡಿಬರುವವರೆಗೆ ಬೇಸರಿಸದೆ ಮಾಡಬೇಕಾದ ಕೆಲಸವಿದು. ಸ್ಕ್ರೂ ಬಿಗಿಯುವಾಗ ಮುಳ್ಳಿಗೆ ಮುಚ್ಚಳವಿರಲಿ. ಹೆಡ್‌ಶೆಲ್‌ನಲ್ಲಿ ಉದ್ದ ಸೀಳಿನ ಬದಲು ಬರಿಯ ತೂತುಗಳಿದ್ದರೆ ಹೊಂದಿಸಲು ಹೆಚ್ಚು ಅವಕಾಶವಿಲ್ಲ.

ಕಾರ್ಟ್ರಿಜ್ ಸರಿದರೆ ಮುಳ್ಳು ರೆಕಾರ್ಡನ್ನು ಒತ್ತುವ ಭಾರವೂ ಬದಲಾಗುವುದರಿಂದ ಅದನ್ನು ಮತ್ತೆ ಅಳೆಯಿರಿ. ರೆಕಾರ್ಡು ಸವೆದೀತೆಂಬ ಭಯದಿಂದ ಭಾರವನ್ನು ತೀರ ಇಳಿಸುವವರಿದ್ದಾರೆ. ಹಗುರಾದ ಮುಳ್ಳು ಸಾಲಿನೊಳಗೆ ಕುಪ್ಪಳಿಸಿ ಹೆಚ್ಚು ಹಾನಿ ಮಾಡುತ್ತದೆ. ತಯಾರಕರು ಸೂಚಿಸಿದ ಮಿತಿಯ ನಡುವಿಗಿಂತ ತುಸು ಮೇಲಿಡಿ.

ಇಷ್ಟಾದ ಮೇಲೆ ಹೆಚ್ಚು ನುಡಿಸದ ಒಂದು ರೆಕಾರ್ಡನ್ನು ಹಾಕಿ ಕೇಳಿರಿ. ಅದರ ಕೊನೆಯ ಹಾಡು ಶುದ್ಧವಾಗಿದ್ದು ಹಳೆಯವುಗಳಲ್ಲಿ ಮಾತ್ರ ಸೀಳು ಉಳಿದರೆ, ಹಿಂದೆ ಬಳಸಿದ ಭಾರವಾದ ಮುಳ್ಳುಗಳು ಆ ಸಾಲುಗಳನ್ನು ಸವೆಸಿರಬೇಕು. ಅದಕ್ಕೆ ಯಾವ ಹೊಂದಾಣಿಕೆಯೂ ಪರಿಹಾರವಲ್ಲ.