ಪೂರ್ತಿ ಶಕ್ತಿ ಬರುವವರೆಗೆ ಆಸ್ಪತ್ರೆಯಲ್ಲೇ ಇರಬೇಕಾ?

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕವಿಲ್ಲ. ಆದರೂ ಪತ್ರಗಳು ನಿಂತಿಲ್ಲ. ಈ ಸಲ ಇದಕ್ಕೇ ಜಾಸ್ತಿ ಜಾಗ ಕೊಡುತ್ತೇನೆ.

ಪ್ರಶ್ನೆ: ಅಪ್ಪನಿಗೆ 76 ವರ್ಷ. ನ್ಯುಮೋನಿಯಾ ಆಗಿ 9 ದಿನದಿಂದ ಆಸ್ಪತ್ರೆಯಲ್ಲಿದ್ದಾರೆ. ಜ್ವರ ಬಿಟ್ಟಿದೆ, ಆಕ್ಸಿಜನ್ ತೆಗೆದಿದ್ದಾರೆ. ಡಾಕ್ಟರು ಮನೆಗೆ ಕರ್ಕೊಂಡು ಹೋಗಿ ಅಂತಿದ್ದಾರೆ. ಆದರೆ ಅಪ್ಪನಿಗೆ ನಿಂತರೂ ಸುಸ್ತು. ಶಕ್ತಿ ಬರುವವರೆಗೆ ಅಲ್ಲೇ ಇದ್ದರೆ ಒಳ್ಳೆಯದಲ್ವಾ? ಮನೆಗೆ ಬಂದ ಮೇಲೆ ಎಷ್ಟು ದಿನ ಬೆಡ್ ರೆಸ್ಟ್ ಬೇಕು?

ಉತ್ತರ: ಒಳ್ಳೆಯದಲ್ಲ. ಆ ಸುಸ್ತಿಗೆ ಕಾಯಿಲೆ ಒಂದೇ ಕಾರಣವಲ್ಲ, ಹಾಸಿಗೆಯೂ ಕಾರಣ. ಆರೋಗ್ಯವಾಗಿದ್ದ ಹಿರಿಯರನ್ನೇ 10 ದಿನ ಮಲಗಿಸಿ ನೋಡಿದ ಒಂದು ಅಧ್ಯಯನದಲ್ಲಿ ಅವರ ಕಾಲುಗಳಿಂದ ಸುಮಾರು 1 ಕಿಲೋ ಮಾಂಸಖಂಡ ಕರಗಿತ್ತು. ಅವರಿಗೆ ಯಾವ ರೋಗವೂ ಇರಲಿಲ್ಲ! ಅದರ ಮೇಲೆ ವಾರ್ಡಿನಲ್ಲಿ ರಾತ್ರಿಯಿಡೀ ದೀಪ, ಯಂತ್ರಗಳ ಸದ್ದು, ಸರಿಯಾಗಿ ನಿದ್ದೆಯಿಲ್ಲ. ಚೆನ್ನಾಗಿದ್ದವರೂ 'ಇದು ಯಾರ ಮನೆ?' ಅಂತ ಕೇಳತೊಡಗುತ್ತಾರೆ. ಹೊಸ ಸೋಂಕಿನ ಭಯ ಬೇರೆ. ಉಳಿದ ಚಿಕಿತ್ಸೆ ಮನೆಯಲ್ಲೇ ಆಗುತ್ತದೆ ಎಂದಾದರೆ ಹೊರಡಿ.

ಹಾಗಂತ ಸುಮ್ನೆ ಗಾಡಿ ಹತ್ತಿಸಿ ಕರೆತರುವುದನ್ನೂ ನಾನು ಒಪ್ಪುವುದಿಲ್ಲ. ಅಪ್ಪ ಹಾಸಿಗೆಯಿಂದ ಎದ್ದು, ಶೌಚಾಲಯಕ್ಕೆ ಹೋಗಿ ಬರುವುದನ್ನು ನೀವು ಕಣ್ಣಾರೆ ನೋಡಬೇಕು. ಮನೆಯಲ್ಲಿ ಮೆಟ್ಟಿಲಿದ್ದರೆ ಮೆಟ್ಟಿಲನ್ನೂ ಹತ್ತಿಸಿ ನೋಡಲಿ. ಆಗುತ್ತಿಲ್ಲ, ಹಿಡಿದುಕೊಳ್ಳಲು ಮನೆಯಲ್ಲಿ ಯಾರೂ ಇಲ್ಲ ಎಂದರೆ ಅಲ್ಲೇ ಬಾಯಿಬಿಟ್ಟು ಹೇಳಿ. ಸಂಕೋಚ ಬೇಡ.

ಮನೆಗೆ ಬಂದ ಮೊದಲ ಕೆಲವು ರಾತ್ರಿಗಳ ಬಗ್ಗೆ ನನಗೆ ತುಂಬಾ ಭಯ. ಎರಡು ಗಂಟೆಗೆ ಅಪ್ಪನಿಗೆ ಎಚ್ಚರವಾಗುತ್ತದೆ, ಮಗನನ್ನು ಯಾಕೆ ಎಬ್ಬಿಸಲಿ ಅಂತ ದಡಕ್ಕನೆ ಎದ್ದು ನಿಲ್ಲುತ್ತಾರೆ. ರಕ್ತ ಕಾಲಿಗೆ ಇಳಿಯುತ್ತದೆ, ಬಿಪಿ ಬೀಳುತ್ತದೆ, ಕಣ್ಣು ಕತ್ತಲಾಗುತ್ತದೆ. ಹಾಗಾಗಿ ಮೊದಲು ಮಂಚದ ಅಂಚಿನಲ್ಲಿ ಕೂರಲಿ. ಪಾದ ನೆಲಕ್ಕೆ ತಾಗಿರಲಿ. ಹಿಮ್ಮಡಿ ಎತ್ತಿ ಇಳಿಸುತ್ತಾ 60 ಎಣಿಸಲಿ. ಆಮೇಲೆ ಹಿಡಿದುಕೊಂಡು ನಿಲ್ಲಲಿ, ಒಂದು ಗಳಿಗೆ ಬಿಟ್ಟು ಹೆಜ್ಜೆ ಇಡಲಿ. ದೀಪ ಉರಿಯುತ್ತಿರಲಿ. ಬಚ್ಚಲ ಬಾಗಿಲಿನ ಮ್ಯಾಟ್ ಇವತ್ತೇ ತೆಗೆಯಿರಿ.

ಬೆಡ್ ರೆಸ್ಟ್ ಬೇಡವೇ ಬೇಡ. ಊಟ ಕುರ್ಚಿಯಲ್ಲಿ ಕೂತು ಆಗಲಿ. ಕೈ ಇರುವ ಕುರ್ಚಿಯಿಂದ ಐದು ಸಲ ಎದ್ದು ಕೂರಲಿ, ದಿನಕ್ಕೆ ಮೂರು ಹೊತ್ತು. ನೀವು ಪಕ್ಕದಲ್ಲಿರಿ, ಆದರೆ ಎತ್ತಬೇಡಿ.

ಇನ್ನು ಮಾತ್ರೆ. ನನ್ನ ಬಳಿ ಬಂದ ಒಬ್ಬ ತಾಯಿ ಬಚ್ಚಲಲ್ಲಿ ಬಿದ್ದಿದ್ದರು. ಮಗಳು ಚೀಲ ಸುರಿದಾಗ ಎರಡು ಸ್ಟ್ರಿಪ್ ಸಿಕ್ಕವು. ಮೇಲಿನ ಹೆಸರು ಬೇರೆ ಬೇರೆ, ಕೆಳಗೆ ಸಣ್ಣ ಅಕ್ಷರದಲ್ಲಿದ್ದ ಔಷಧಿ ಒಂದೇ. ನಾಲ್ಕು ದಿನ ಬಿಪಿ ಮಾತ್ರೆ ಡಬಲ್ ಆಗಿತ್ತು. ಮಗಳದೇನೂ ತಪ್ಪಿಲ್ಲ, ಅವಳಿಗೆ ಯಾರೂ ಹೇಳಿರಲಿಲ್ಲ. ನೀವು ಹಳೆಯ ಮಾತ್ರೆಗಳನ್ನೆಲ್ಲ ಆಸ್ಪತ್ರೆಗೇ ಒಯ್ಯಿರಿ. ಯಾವುದು ಮುಂದುವರಿಯಬೇಕು, ಯಾವುದು ನಿಲ್ಲಬೇಕು, ಯಾವುದು ಹೊಸದು ಎಂದು ಬರೆಸಿಕೊಳ್ಳದೆ ಹೊರಡಬೇಡಿ.

ಮತ್ತೆ ಜ್ವರ, ಏದುಸಿರು, ಇದ್ದಕ್ಕಿದ್ದಂತೆ ಅಸಂಬದ್ಧ ಮಾತು ಕಂಡರೆ ಮುಂದಿನ ಭೇಟಿಯ ದಿನಕ್ಕೆ ಕಾಯಬೇಡಿ.

ಪ್ರಶ್ನೆ: ಸುಸ್ತಿಗೆ ಒಂದು ಬಾಟ್ಲಿ ಡ್ರಿಪ್ ಹಾಕಿಸಲಾ?

ಉತ್ತರ: ಬೇಡ. ಅದು ಉಪ್ಪುನೀರು ಅಥವಾ ಸಕ್ಕರೆ ನೀರು. ಶಕ್ತಿ ಅಂತ ಅದನ್ನು ಮಾರುವವರು ನಿಮಗೆ ಮೋಸ ಮಾಡುತ್ತಿದ್ದಾರೆ.

ಪ್ರಶ್ನೆ: ಅಮ್ಮನ ಒಂದು ಮೀನಖಂಡ ಮಾತ್ರ ಊದಿ ನೋಯುತ್ತಿದೆ. ಮಾಲೀಶು ಮಾಡಿಸಲಾ?

ಉತ್ತರ: ಯಾರಿಗೂ ಮುಟ್ಟಲು ಬಿಡಬೇಡಿ. ರಕ್ತ ಹೆಪ್ಪುಗಟ್ಟಿರಬಹುದು, ತಿಕ್ಕಿದರೆ ಅದು ಕಳಚಿ ಶ್ವಾಸಕೋಶಕ್ಕೆ ಹೋಗಬಹುದು. ಓದುವುದು ಸಾಕು, ಈಗಲೇ ಆಸ್ಪತ್ರೆಗೆ ಕರೆದೊಯ್ಯಿರಿ.