ಓದುಗರ ಪ್ರಶ್ನೆ: ಗ್ರೇಂಜರ್ ಎಂಬ ಇಕನಾಮೆಟ್ರಿಕ್ಸ್ ಮೇಷ್ಟ್ರು

ಪ್ರಶ್ನೆ: ನನ್ನ ಮಗಳು ಎಂ.ಎ. ಅರ್ಥಶಾಸ್ತ್ರ ಓದುತ್ತಿದ್ದಾಳೆ. ದಿನಾ ಮನೆಯಲ್ಲಿ ಗ್ರೇಂಜರ್, ಗ್ರೇಂಜರ್ ಅಂತ ಒಂದೇ ಹೆಸರು. ನಾನು ಬ್ಯಾಂಕಿನಿಂದ ನಿವೃತ್ತನಾದವನು, ಲೆಕ್ಕ ಗೊತ್ತು, ಈ ಶಾಸ್ತ್ರ ಗೊತ್ತಿಲ್ಲ. ಇವರು ಯಾರು, ಏನು ಮಾಡಿದರು ಅಂತ ನನಗೂ ತಿಳಿಯುವ ಹಾಗೆ ಹೇಳಿ.
– ಒಬ್ಬ ಓದುಗರು, ಶಿವಮೊಗ್ಗ

ಉತ್ತರ: ನಿಮ್ಮ ಪ್ರಶ್ನೆ ಓದಿ ಖುಷಿಯಾಯಿತು. ಧಾರವಾಡದಲ್ಲಿ ಎಂ.ಎ. ಮಕ್ಕಳಿಗೆ ಪಾಠ ಮಾಡಿದಷ್ಟು ಕಾಲ ನನ್ನ ಬಾಯಲ್ಲೂ ಜಾಸ್ತಿ ಇದ್ದ ಹೆಸರು ಅದೇ. ಅವರ ಶಾಸ್ತ್ರ ಇಕನಾಮೆಟ್ರಿಕ್ಸ್, ಅಂದರೆ ಅರ್ಥಶಾಸ್ತ್ರದ ಪ್ರಶ್ನೆಗಳನ್ನು ಅಂಕಿಗಳಿಂದ, ಸಂಖ್ಯಾಶಾಸ್ತ್ರದಿಂದ ಪರೀಕ್ಷಿಸುವ ವಿದ್ಯೆ.

ಕ್ಲೈವ್ ಗ್ರೇಂಜರ್ ಹುಟ್ಟಿದ್ದು 1934ರಲ್ಲಿ, ವೇಲ್ಸ್‌ನ ಸ್ವಾನ್ಸಿಯಲ್ಲಿ. ಅಪ್ಪ ಜಾಮ್ ತಯಾರಿಸುವ ಕಂಪನಿಯ ನೌಕರ. ಯುದ್ಧ ಬಂದಾಗ ಅಪ್ಪ ವಾಯುಪಡೆಗೆ ಸೇರಿದರು, ತಾಯಿ ಮಗನನ್ನು ಕರೆದುಕೊಂಡು ಕೇಂಬ್ರಿಜ್‌ಗೆ ಹೋದರು. ಅಲ್ಲಿನ ಟೀಚರೊಬ್ಬರು ‘ಈ ಹುಡುಗ ಮುಂದೆ ಬರುವುದಿಲ್ಲ’ ಅಂತ ತಾಯಿಗೆ ಹೇಳಿಬಿಟ್ಟಿದ್ದರಂತೆ. ಮಕ್ಕಳ ಬಗ್ಗೆ ಇಂಥ ಮಾತು ಯಾವ ಟೀಚರೂ ಆಡಬಾರದು.

ಓದಿದ್ದು ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ. ಅರ್ಥಶಾಸ್ತ್ರ, ಗಣಿತ ಎರಡೂ ಸೇರಿದ ಪದವಿಗೆ ಸೇರಿ, ಆಮೇಲೆ ಗಣಿತಕ್ಕೇ ಬದಲಾಯಿಸಿಕೊಂಡರು. ಪಿಎಚ್.ಡಿ. ಮುಗಿಯುವ ಮೊದಲೇ ಅಲ್ಲೇ ಸಂಖ್ಯಾಶಾಸ್ತ್ರದ ಲೆಕ್ಚರರ್ ಆದರು. ಇಡೀ ಕ್ಯಾಂಪಸ್ಸಿನಲ್ಲಿ ಆ ಹೆಸರಿನ ಹುದ್ದೆಯಲ್ಲಿದ್ದವರು ಅವರೊಬ್ಬರೇ. ಹಾಗಾಗಿ ಬೇರೆ ಬೇರೆ ವಿಭಾಗದವರು ತಮ್ಮ ಅಂಕಿಗಳ ಕಟ್ಟು ಹಿಡಿದು ಅವರ ಹತ್ತಿರವೇ ಬರುತ್ತಿದ್ದರು. ಅವರಿಗೆ ಸಿಕ್ಕ ನಿಜವಾದ ತರಬೇತಿ ಅದು ಅಂತ ನನಗೆ ಅನಿಸುತ್ತದೆ. 1959ರಲ್ಲಿ ಪಿಎಚ್.ಡಿ. ಬಂತು. ಒಂದು ವರ್ಷ ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿದ್ದು ವಾಪಸ್ ಬಂದರು. 1974ರಲ್ಲಿ ಪೂರ್ತಿಯಾಗಿ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋಗೆ ಹೋಗಿ, ನಿವೃತ್ತರಾಗುವವರೆಗೂ ಅಲ್ಲೇ ಪಾಠ ಮಾಡಿದರು. 2003ರಲ್ಲಿ ಸಹೋದ್ಯೋಗಿ ರಾಬರ್ಟ್ ಎಂಗಲ್ ಜೊತೆ ನೊಬೆಲ್. 2009ರಲ್ಲಿ ತೀರಿಕೊಂಡರು.

ಈಗ ಕೆಲಸದ ಮಾತು. 1974ರಲ್ಲಿ ಅವರೂ ಸಹ-ಸಂಶೋಧಕ ಪಾಲ್ ನ್ಯೂಬೋಲ್ಡ್ ಅವರೂ ಸೇರಿ ಒಂದು ಪರೀಕ್ಷೆ ಮಾಡಿದರು. ಒಂದಕ್ಕೊಂದು ಏನೇನೂ ಸಂಬಂಧವಿಲ್ಲದ ಎರಡು ಸರಣಿಗಳನ್ನು, ಅಂದರೆ ಒಂದಾದ ಮೇಲೊಂದು ಬರುವ ಅಂಕಿಗಳ ಸಾಲುಗಳನ್ನು, ಕಂಪ್ಯೂಟರಿನಲ್ಲಿ ತಯಾರಿಸಿದರು. ಎರಡೂ ಮನಸ್ಸಿಗೆ ಬಂದಂತೆ ಅಲೆಯುವಂಥವು. ಅವುಗಳ ಮೇಲೆ ಮಾಮೂಲಿ ರಿಗ್ರೆಶನ್, ಅಂದರೆ ಒಂದಕ್ಕೂ ಇನ್ನೊಂದಕ್ಕೂ ಎಷ್ಟು ಸಂಬಂಧ ಅಂತ ಅಳೆಯುವ ಲೆಕ್ಕ, ನಡೆಸಿದರು. ಇದನ್ನೇ ಮತ್ತೆ ಮತ್ತೆ ಮಾಡಿದಾಗ, ಸುಮಾರು ಮುಕ್ಕಾಲು ಪಾಲು ಸಲ ‘ಇವೆರಡಕ್ಕೂ ಗಟ್ಟಿ ಸಂಬಂಧ ಇದೆ’ ಅಂತ ಉತ್ತರ ಬಂತು. ನೂರಕ್ಕೆ ಐದು ಸಲ ಬಂದಿದ್ದರೆ ಆಕಸ್ಮಿಕ ಅನ್ನಬಹುದಿತ್ತು. ಲಂಡನ್ನಿನಲ್ಲಿ ಇದನ್ನು ವಿವರಿಸಿದಾಗ ಕೇಳಿದವರು ನಂಬಲಿಲ್ಲ, ಪ್ರೋಗ್ರಾಮಿನಲ್ಲೇ ತಪ್ಪಿರಬೇಕು ಅಂದರು. ತಪ್ಪಿರಲಿಲ್ಲ.

ನಾನು ತರಗತಿಯಲ್ಲಿ ಇದನ್ನು ನಾಣ್ಯದಿಂದ ಮಾಡಿಸುತ್ತಿದ್ದೆ. ಪ್ರತಿ ಬೆಂಚಿಗೆ ಒಂದು ನಾಣ್ಯ, ಒಂದು ಗ್ರಾಫ್ ಹಾಳೆ. ಹೆಡ್ ಬಿದ್ದರೆ ಒಂದು ಚೌಕ ಮೇಲೆ, ಟೇಲ್ ಬಿದ್ದರೆ ಒಂದು ಚೌಕ ಕೆಳಗೆ. ಮುಗಿದ ಮೇಲೆ ಎರಡೆರಡು ಬೆಂಚಿನ ಹಾಳೆಗಳನ್ನು ಕಿಟಕಿ ಗಾಜಿಗೆ ಒಂದರ ಮೇಲೊಂದು ಹಿಡಿಯಬೇಕು. ‘ಸರ್, ಇವು ಅಣ್ಣ ತಮ್ಮ ಇದ್ದ ಹಾಗಿವೆ!’ ಅಂತ ಮಕ್ಕಳು ಕೂಗುತ್ತಿದ್ದರು. ನಾಣ್ಯಕ್ಕೂ ನಾಣ್ಯಕ್ಕೂ ಎಲ್ಲಿಯ ನಂಟು? ದೇಶದ ಆದಾಯ, ಷೇರು ಪೇಟೆ, ಬೆಲೆ ಏರಿಕೆ ಬಗ್ಗೆ ಪತ್ರಿಕೆಯಲ್ಲಿ ಎರಡು ಗೆರೆ ಒಟ್ಟಿಗೆ ಏರುವ ಚಿತ್ರ ನೋಡಿದಾಗಲೆಲ್ಲ ಆ ಹಾಳೆಗಳನ್ನು ನೆನಪಿಸಿಕೊಳ್ಳಿ ಅಂತ ಅವರಿಗೆ ಹೇಳಿ ಕಳಿಸುತ್ತಿದ್ದೆ.

ಹಾಗಾದರೆ ಅಲೆಯುವ ಎರಡು ಸರಣಿಗಳ ನಡುವೆ ನಿಜವಾದ ಸಂಬಂಧ ಇರುವುದೇ ಇಲ್ಲವಾ? ಇರಬಹುದು ಅಂತ ಇನ್ನೊಬ್ಬ ಇಕನಾಮೆಟ್ರಿಕ್ಸ್ ಪಂಡಿತ ಡೇವಿಡ್ ಹೆಂಡ್ರಿ ವಾದಿಸಿದರು: ಎರಡೂ ಅಲೆದರೂ ಅವುಗಳ ನಡುವಿನ ಅಂತರ ಒಂದು ಮಟ್ಟದಲ್ಲೇ ಉಳಿಯಬಹುದು. ಗ್ರೇಂಜರ್ ಒಪ್ಪಲಿಲ್ಲ. ಹೆಂಡ್ರಿ ಮಾತು ಸುಳ್ಳು ಅಂತ ಸಾಬೀತು ಮಾಡಲು ಕೂತರು. ಲೆಕ್ಕ ಮುಗಿದಾಗ ಹೆಂಡ್ರಿ ಹೇಳಿದ್ದೇ ಸರಿ ಅಂತ ಬಂತು. ಹೀಗೆ ಅಲೆದರೂ ಜೊತೆ ಬಿಡದ ಸಂಬಂಧಕ್ಕೆ ‘ಕೋಇಂಟಿಗ್ರೇಶನ್’ ಅನ್ನುತ್ತಾರೆ, ಅದು ಹುಟ್ಟಿದ್ದು ಹೀಗೆ. ನೊಬೆಲ್ ಬಂದದ್ದೂ ಇದಕ್ಕೇ. ಈ ಪ್ರಸಂಗವನ್ನು ಗ್ರೇಂಜರ್ ತಾವೇ ಹೇಳಿಕೊಂಡರು. ಅವರ ಮೇಲೆ ನನಗಿರುವ ಗೌರವಕ್ಕೆ ದೊಡ್ಡ ಕಾರಣ ಇದು.

ನಿಮ್ಮ ಊರಿನ ಉದಾಹರಣೆ ಕೊಡುತ್ತೇನೆ. ಶಿವಮೊಗ್ಗದಲ್ಲಿ ಅಡಿಕೆ ಧಾರಣೆ ಏರುತ್ತೆ, ಇಳಿಯುತ್ತೆ, ನಾಳೆ ಎಷ್ಟು ಅಂತ ಯಾರೂ ಹೇಳಲಾರರು. ಶಿರಸಿಯಲ್ಲೂ ಹಾಗೇ. ಆದರೆ ಒಂದೇ ತರದ ಅಡಿಕೆಗೆ ಎರಡೂ ಕಡೆಯ ಧಾರಣೆ ತೀರಾ ದೂರ ಹೋದರೆ, ವ್ಯಾಪಾರಿಗಳು ಸುಮ್ನೆ ಕೂರುತ್ತಾರಾ? ಲಾರಿ ತಿರುಗಿಸುತ್ತಾರೆ, ಅಂತರ ಮತ್ತೆ ತಗ್ಗುತ್ತದೆ. ಇಂಥ ಜೋಡಿಗಳನ್ನು ಅಂಕಿಗಳಲ್ಲಿ ಹೇಗೆ ಗುರುತಿಸುವುದು ಅಂತ 1987ರಲ್ಲಿ ಎಂಗಲ್ ಜೊತೆ ಬರೆದ ಲೇಖನದಲ್ಲಿ ಗ್ರೇಂಜರ್ ತೋರಿಸಿಕೊಟ್ಟರು. ಮಗಳ ಹತ್ತಿರ ಆ ಲೇಖನ ಇದ್ದೇ ಇರುತ್ತದೆ, ಕೇಳಿ ನೋಡಿ.

ಪ್ರಶ್ನೆ: ನನ್ನ ಪ್ರಾಜೆಕ್ಟಿನಲ್ಲಿ ಗ್ರೇಂಜರ್ ಕಾಸಾಲಿಟಿ ಟೆಸ್ಟ್ ಮಾಡಿದ್ದೇನೆ. ಫಲಿತಾಂಶ ಚೆನ್ನಾಗಿ ಬಂದಿದೆ. ‘ಇದು ಅದಕ್ಕೆ ಕಾರಣ’ ಅಂತ ಬರೆಯಬಹುದಾ?
– ವಿದ್ಯಾರ್ಥಿನಿ, ಮೈಸೂರು

ಉತ್ತರ: ಬೇಡಮ್ಮ, ಹಾಗೆ ಬರೆಯಬೇಡಿ. ಈ ಟೆಸ್ಟಿಗೆ ಮೂಲವಾದ ಗ್ರೇಂಜರ್ ಅವರ 1969ರ ಲೇಖನ ಕೇಳುವುದು ಇಷ್ಟೇ: ಒಂದರ ಹಳೆಯ ಅಂಕಿಗಳನ್ನು ಸೇರಿಸಿಕೊಂಡರೆ ಇನ್ನೊಂದರ ಮುಂದಿನ ಅಂಕಿಯನ್ನು ಹೆಚ್ಚು ಚೆನ್ನಾಗಿ ಊಹಿಸಬಹುದಾ? ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನಗಳಲ್ಲಿ ಕೆ.ಆರ್. ಮಾರ್ಕೆಟ್ಟಿನಲ್ಲಿ ಹೂವಿನ ಬೆಲೆ ಏರುತ್ತದೆ, ಆಮೇಲೆ ಹಬ್ಬ ಬರುತ್ತದೆ. ಹೂವಿನ ಬೆಲೆ ಹಬ್ಬವನ್ನು ತಂದಿತಾ? ಈ ಟೆಸ್ಟ್ ಹೆಸರಿನಲ್ಲಿ ಹುರುಳಿಲ್ಲದ ಲೇಖನಗಳು ಬಹಳ ಬಂದವು ಅಂತ ಗ್ರೇಂಜರ್ ತಮ್ಮ ನೊಬೆಲ್ ಭಾಷಣದಲ್ಲೇ ಹೇಳಿದರು. ‘ಗ್ರೇಂಜರ್ ಅರ್ಥದಲ್ಲಿ’ ಅಂತ ಸೇರಿಸಿ ಬರೆಯಿರಿ. ಕಾರಣದ ವಿವರಣೆ ನೀವು ಅರ್ಥಶಾಸ್ತ್ರದಿಂದ ತರಬೇಕು, ಸಾಫ್ಟ್‌ವೇರ್ ಕೊಡುವುದಿಲ್ಲ.

ಪ್ರಶ್ನೆ: ಈ ಶಾಸ್ತ್ರಕ್ಕೂ ಕರ್ನಾಟಕಕ್ಕೂ ಏನಾದರೂ ನಂಟು ಇದೆಯಾ?
– ಒಬ್ಬ ಓದುಗರು, ಹೊಸಪೇಟೆ

ಉತ್ತರ: ನಿಮ್ಮ ಪಕ್ಕದಲ್ಲೇ ಇದೆ! ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ ಹುಟ್ಟಿದ್ದು 1920ರಲ್ಲಿ, ಹೂವಿನ ಹಡಗಲಿಯಲ್ಲಿ. ತೆಲುಗು ಮನೆತನ, ಓದಿದ್ದು ಆಂಧ್ರದಲ್ಲಿ ಮತ್ತು ಕೋಲ್ಕತ್ತಾದಲ್ಲಿ, ಆದರೆ ಹುಟ್ಟೂರು ಹಡಗಲಿಯೇ. 1948ರಲ್ಲಿ ಅವರು ಕೊಟ್ಟ ‘ಸ್ಕೋರ್ ಟೆಸ್ಟ್’, ಅಂದರೆ ನಾವು ಇಟ್ಟುಕೊಂಡ ಊಹೆಗೆ ಅಂಕಿಗಳು ಹೊಂದುತ್ತವಾ ಅಂತ ನೋಡುವ ಪರೀಕ್ಷೆ, ಇಕನಾಮೆಟ್ರಿಕ್ಸ್‌ನಲ್ಲಿ ‘ಲಗ್ರಾಂಜ್ ಮಲ್ಟಿಪ್ಲೈಯರ್ ಟೆಸ್ಟ್’ ಅಂತ ಬಳಕೆಯಲ್ಲಿದೆ. ಏರಿಳಿತದ ತೀವ್ರತೆ ಕಾಲದಿಂದ ಕಾಲಕ್ಕೆ ಹೇಗೆ ಬದಲಾಗುತ್ತದೆ ಅಂತ ಅಳೆಯುವ ‘ಆರ್ಚ್’ ಮಾದರಿ ಎಂಗಲ್‌ಗೆ ನೊಬೆಲ್ ತಂದುಕೊಟ್ಟಿತು. ಅದರ 1982ರ ಲೇಖನದಲ್ಲಿ ಅದೇ ಪರೀಕ್ಷೆ ಇದೆ.

ಪ್ರಶ್ನೆ: ಎಂ.ಎ. ಮುಗಿಸಿದ್ದೇನೆ. ಲೆಕ್ಚರರ್ ಆಗುವ ಆಸೆ. ಆದರೆ ಮಾತಾಡುವಾಗ ತೊದಲುತ್ತೇನೆ. ಬೇರೆ ಕೆಲಸ ನೋಡಿಕೊಳ್ಳಲಾ?
– ಒಬ್ಬ ಓದುಗ, ಹಾವೇರಿ

ಉತ್ತರ: ಗ್ರೇಂಜರ್ ಅವರಿಗೂ ಚಿಕ್ಕಂದಿನಲ್ಲಿ ತೊದಲು ಇತ್ತು. ಶಾಲೆಯಲ್ಲಿ ಒಬ್ಬೊಬ್ಬರಾಗಿ ಎದ್ದು ಮುಂದೆ ಏನಾಗುತ್ತೀರಿ ಅಂತ ಹೇಳಬೇಕಿತ್ತು. ಅವರ ಮನಸ್ಸಿನಲ್ಲಿ ಇದ್ದದ್ದು ಹವಾಮಾನ ಶಾಸ್ತ್ರ, ಅಂದರೆ ಮೀಟಿಯೊರಾಲಜಿ. ಆ ಪದ ನಾಲಿಗೆ ಮೇಲೆ ಹೊರಳಲೇ ಇಲ್ಲ. ಅದರ ಬದಲು ಸ್ಟ್ಯಾಟಿಸ್ಟಿಕ್ಸ್ ಅಂದುಬಿಟ್ಟರು. ಆಮೇಲೆ ಜೀವನವಿಡೀ ಪಾಠ ಮಾಡಿದರು.

ನೀವು ಲೆಕ್ಚರರ್ ಅರ್ಹತಾ ಪರೀಕ್ಷೆ ಕೆ-ಸೆಟ್‌ಗೆ ಅರ್ಜಿ ಹಾಕಿ. ಅದರ ಜೊತೆಗೆ ಸ್ಪೀಚ್ ಥೆರಪಿಯವರನ್ನು ಒಂದು ಸಲ ನೋಡಿ, ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇರುವುದೇ ಇದಕ್ಕೆ. ತರಗತಿಯಲ್ಲಿ ಬೋರ್ಡಿನ ಮೇಲೆ ಜಾಸ್ತಿ ಬರೆಯಿರಿ. ನಮ್ಮ ವಿಷಯದಲ್ಲಿ ಸಮೀಕರಣವನ್ನು ಒಂದೊಂದೇ ಸಾಲು ಬರೆದು ತೋರಿಸುವ ಮೇಷ್ಟ್ರು ಮಕ್ಕಳಿಗೆ ಬೇಗ ಅರ್ಥ ಆಗುತ್ತಾರೆ.